ಜೀನ್ ನೋಡುವ ಮೊದಲು ಊಟದ ಎಲೆ

ಘಟ್ಟ ಇಳಿದು ಕೊಡಗು ಮುಗಿಯುವ ಸಂಪಾಜೆಯ ಆಸುಪಾಸಿನಲ್ಲಿ ಊಟದ ಎಲೆ ಮನೆಯಿಂದ ಮನೆಗೆ ಬೇರೆ. ಅರೆಭಾಷೆ ಗೌಡರಲ್ಲಿ ಕೋಳಿ, ಮೀನು, ಹಂದಿಮಾಂಸ. ಸುಳ್ಯದ ಕಡೆಯ ಹವ್ಯಕರಲ್ಲಿ ತಂಬುಳಿ, ಮಜ್ಜಿಗೆ. ಕುಚ್ಚಲಕ್ಕಿ ಇಲ್ಲಿಯವರಿಗೆ ಹೊಸದಲ್ಲ. ಭತ್ತ ಬೇಯುವಾಗ ತೌಡಿನ ಬಿ1 ವಿಟಮಿನ್ ಕಾಳಿನೊಳಗೆ ಇಳಿಯುವುದರಿಂದ ಗಿರಣಿಗೆ ಹಾಕಿದರೂ ಒಂದಷ್ಟು ಉಳಿಯುತ್ತದೆ. ಬಿ12ರ ಕಥೆ ಹಾಗಲ್ಲ. ಅದು ಸೊಪ್ಪು, ಬೇಳೆ, ಅಕ್ಕಿ ಯಾವುದರಲ್ಲೂ ಇಲ್ಲ. ಮಾಂಸ, ಮೀನು, ಮೊಟ್ಟೆ, ಹಾಲಿನಿಂದಲೇ ಬರಬೇಕು. ಎಂಟಿಎಚ್‌ಎಫ್‌ಆರ್ ಎಂಬ ಜೀನ್ ಪರೀಕ್ಷೆಗೆ ಹಣ ಸುರಿಯುವ ಮೊದಲು ನಮ್ಮ ವಯಸ್ಕರು ನೋಡಬೇಕಾದದ್ದು ಈ ಬಿ12 ಅನ್ನು ಎಂಬುದು ನನ್ನ ವಾದ.

ಪ್ರೋಟೀನ್ ಕರಗುವಾಗ ಹುಟ್ಟುವ ಹೋಮೋಸಿಸ್ಟೀನ್ ಎಂಬ ಅಮೈನೋ ಆಮ್ಲವನ್ನು ದೇಹ ಬೇರೆ ರೂಪಕ್ಕೆ ತಿರುಗಿಸಲು ಮುಖ್ಯವಾಗಿ ಎರಡು ದಾರಿ. ಒಂದರಲ್ಲಿ ಬಿ6 ಬೇಕು. ಇನ್ನೊಂದರಲ್ಲಿ ಫೋಲೇಟ್ ಮತ್ತು ಬಿ12 ಜೊತೆಯಾಗಿ ದುಡಿಯಬೇಕು. ಆ ಫೋಲೇಟನ್ನು ಕೆಲಸಕ್ಕೆ ಸಿದ್ಧಪಡಿಸುವ ಕಿಣ್ವವನ್ನು ರೂಪಿಸುವುದೇ ಎಂಟಿಎಚ್‌ಎಫ್‌ಆರ್ ಜೀನ್. ಅದರ 677ನೇ ಸ್ಥಾನದ ಬದಲಾವಣೆ ತಂದೆತಾಯಿ ಇಬ್ಬರಿಂದಲೂ ಬಂದರೆ ಕಿಣ್ವ ಮಂದವಾಗುತ್ತದೆ. ಆದರೆ ಕಿಣ್ವ ಚುರುಕಾಗಿದ್ದರೂ ಬಿ12 ಇಲ್ಲದಿದ್ದರೆ ಸಿದ್ಧವಾದ ಫೋಲೇಟ್ ಮುಂದೆ ಸಾಗದೆ ಸಿಕ್ಕಿಕೊಳ್ಳುತ್ತದೆ. ಭಾರತೀಯರಲ್ಲಿ ಈ ಬದಲಾವಣೆ ಯೂರೋಪಿನವರಿಗಿಂತ ಅಪರೂಪ, ಬಿ12 ಕೊರತೆ ಮಾತ್ರ ಧಾರಾಳ. ಅದನ್ನು ನೋಡದೆ ಬರೀ ಫೋಲಿಕ್ ಆಮ್ಲ ನುಂಗಿದರೆ ರಕ್ತಹೀನತೆ ಮರೆಯಾಗಬಹುದು, ನರಗಳ ಹಾನಿ ಒಳಗೊಳಗೇ ಮುಂದುವರಿಯುತ್ತದೆ. ಕಾಲು ಜೋಮು ಹಿಡಿಯುವುದನ್ನು ವಯಸ್ಸಿನ ಲೆಕ್ಕಕ್ಕೆ ಹಾಕಿ ಸುಮ್ಮನಿರುವವರೇ ನಮ್ಮಲ್ಲಿ ಹೆಚ್ಚು.

ಮಾಂಸ ತಿನ್ನುವವರಿಗೇಕೆ ಈ ಚಿಂತೆ ಎನ್ನಬಹುದು. ವಯಸ್ಸಾದಂತೆ ಜಠರದ ಆಮ್ಲ ತಗ್ಗಿದರೆ ಆಹಾರದ ಬಿ12 ಬಿಡಿಸಿಕೊಳ್ಳುವುದೇ ಕಷ್ಟ. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್, ಬಹುಕಾಲ ನುಂಗುವ ಗ್ಯಾಸ್ಟ್ರಿಕ್ ಮಾತ್ರೆಗಳೂ ಅದನ್ನು ಕುಗ್ಗಿಸುತ್ತವೆ. ಹಾಗಾದರೆ ಜೀನ್‌ಗೆ ಬೆಲೆಯೇ ಇಲ್ಲವೇ? ಇದೆ. ಆ ಮಂದ ಕಿಣ್ವಕ್ಕೆ ಬಿ2 ಆಸರೆ. ಅಂಥ ಜೀನ್ ಇರುವವರಲ್ಲಿ ಬಿ2 ಕೊಟ್ಟಾಗ ರಕ್ತದೊತ್ತಡ ಇಳಿದದ್ದು ಐರ್ಲೆಂಡಿನ ಪ್ರಯೋಗಗಳಲ್ಲಿ ಕಂಡಿದೆ. ಆದರೆ ರಕ್ತದಲ್ಲಿ ಹೆಚ್ಚಿದ್ದರೆ ಹೃದಯಕ್ಕೆ ಕೆಡುಕೆಂದು ಶಂಕಿಸಿದ್ದ ಹೋಮೋಸಿಸ್ಟೀನ್ ಇಳಿಸಿದ ಮಾತ್ರಕ್ಕೆ ಹೃದಯ ಉಳಿಯುತ್ತದೆ ಎಂಬ ಆಸೆ 2006ರ ನಾರ್ವೆಯ ಪ್ರಯೋಗದಲ್ಲಿ ಕೈಕೊಟ್ಟಿತು: ಅಂಕಿ ಇಳಿಯಿತು, ಹೃದಯಾಘಾತ ಕಡಿಮೆಯಾಗಲಿಲ್ಲ. ರಕ್ತ ಹೆಪ್ಪುಗಟ್ಟುವ ತೊಂದರೆಯ ತಪಾಸಣೆಯಲ್ಲಿ ಈ ಜೀನ್ ಪರೀಕ್ಷೆ ಬೇಡವೆಂದು ಅಮೆರಿಕದ ತಳಿವೈದ್ಯರ ಸಂಸ್ಥೆ 2013ರಲ್ಲೇ ಸೂಚಿಸಿತು. ಗರ್ಭ ಧರಿಸಲಿರುವ ಹೆಂಗಸರಿಗೆ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಬೇಕೆಂಬ ಸಲಹೆಯಂತೂ ಜೀನ್ ಯಾವುದಿದ್ದರೂ ಬದಲಾಗುವುದಿಲ್ಲ.