ಬ್ಯಾಟರಿ ಗಾಡಿ ತಗೊಳ್ಳೋ ಮುಂಚೆ ನಿಮ್ಮ ತೋಟದ ಇಳಿಜಾರಲ್ಲಿ ಓಡಿಸಿ ನೋಡಿ

ಕೊನೆಕೊಯ್ಲು ಹತ್ತಿರ ಬಂತು ಅಂದ್ರೆ ಅಡಿಕೆ ಬೆಳೆಗಾರರ ವಾಟ್ಸಾಪ್ ಗುಂಪುಗಳಲ್ಲಿ ಒಂದೇ ಪ್ರಶ್ನೆ: "ಬ್ಯಾಟರಿ ಗಾಡಿ ಯಾವುದು ಒಳ್ಳೇದು?" ಹೊರೋಕೆ ಜನ ಸಿಗಲ್ಲ. ಅಪ್ಪನ ಮಂಡಿ ಮೊದಲಿನ ಹಾಗಿಲ್ಲ. ಪೆಟ್ರೋಲ್ ಗಾಡಿ ಇದ್ರೂ ಅದರ ಹೊಗೆ, ಸದ್ದು, ಖರ್ಚು ಎಲ್ಲ ಸಾಕಾಗಿದೆ. ಹಾಗಾಗಿ ಬ್ಯಾಟರಿ ಗಾಡಿ ಕಡೆ ಮನಸ್ಸು ಹೋಗೋದು ಸಹಜ.

ನಮ್ಮದು ಸಾಗರ ಕಡೆ ಅಡಿಕೆ ತೋಟ. ಮನೆ ಮೇಲೆ, ತೋಟ ಕೆಳಗೆ ಕಣಿವೆಯಲ್ಲಿ. ಗೊಬ್ಬರ ಇಳಿಸಬೇಕು, ಅಡಿಕೆ ಹತ್ತಿಸಬೇಕು. ಎರಡು ವರ್ಷದಿಂದ ಬ್ಯಾಟರಿ ಗಾಡಿ ಓಡಿಸ್ತಾ ಇದ್ದೀನಿ. ಅದನ್ನ ತಗೊಳ್ಳೋ ಮುಂಚೆ ಐದು ಬೇರೆ ಬೇರೆ ಗಾಡಿಗಳನ್ನ ನಮ್ಮ ದಾರಿಯಲ್ಲೇ ಓಡಿಸಿ ನೋಡಿದ್ದೆ. ಯಾವ ಕಂಪನಿ ತಗೊಳ್ಳಿ ಅಂತ ನಾನಿಲ್ಲಿ ಹೇಳಲ್ಲ. ಯಾವ ಗಾಡಿ ಎದುರಿಗೆ ನಿಂತ್ರೂ ಅದನ್ನ ನೀವೇ ಪರೀಕ್ಷೆ ಮಾಡೋದು ಹೇಗೆ ಅಂತ ಹೇಳ್ತೀನಿ.

ವಿಡಿಯೋದ ಬೇಟೆ ಗಾಡಿ, ನಮ್ಮ ತೋಟದ ಗಾಡಿ

ಯೂಟ್ಯೂಬ್‌ನಲ್ಲಿ ಎಲೆಕ್ಟ್ರಿಕ್ ಆಫ್‌ರೋಡ್ ಗಾಡಿ ಅಂತ ಹುಡುಕಿದ್ರೆ ಮೊದಲು ಬರೋದು ಅಮೆರಿಕದ ವಿಡಿಯೋಗಳು. ಅಲ್ಲಿ ಜಿಂಕೆ ಬೇಟೆಗೆ ಹೋಗೋರಿಗೆ ಇವನ್ನ ಮಾರ್ತಾರೆ. ಸದ್ದಿಲ್ಲ, ಪೆಟ್ರೋಲ್ ವಾಸನೆ ಇಲ್ಲ, ಪ್ರಾಣಿಗೆ ಸುಳಿವು ಸಿಗಲ್ಲ ಅನ್ನೋದೇ ಅಲ್ಲಿಯ ಜಾಹೀರಾತು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಬೇಟೆ ಅಪರಾಧ, ಆ ಮಾತು ಬಿಡಿ. ಆದ್ರೆ ಅಂಥ ಗಾಡಿ ನೋಡಿ ನಮ್ಮ ಗಾಡಿಯಿಂದಲೂ ಅದೇ ಕೆಲಸ ಬಯಸೋದು ಸರಿಯಲ್ಲ. ಪೊಲಾರಿಸ್ ಕಂಪನಿ 2021ರ ಕೊನೆಯಲ್ಲಿ ತೋರಿಸಿದ ರೇಂಜರ್ ಎಕ್ಸ್‌ಪಿ ಕೈನೆಟಿಕ್ ಗಾಡಿಯ ಮೋಟರ್ 110 ಎಚ್‌ಪಿ, ದೊಡ್ಡ ಬ್ಯಾಟರಿ 29.8 ಯೂನಿಟ್. ನಮ್ಮ ಕಡೆಯ ತೋಟದ ಗಾಡಿಗೆ 48 ವೋಲ್ಟ್, 100 ಆಂಪಿಯರ್-ಅವರ್ ಬ್ಯಾಟರಿ ಇದ್ರೆ ಅದು 4.8 ಯೂನಿಟ್. ಆರರಲ್ಲಿ ಒಂದು ಪಾಲಿಗಿಂತ ಕಮ್ಮಿ.

ಹಾಗಂತ ಬೇಜಾರು ಬೇಡ. ನಮಗೆ ಓಟ ಬೇಡ, ನಿಧಾನದ ಎಳೆತ ಬೇಕು. ಅದಕ್ಕೆ 4.8 ಯೂನಿಟ್ ಸಾಕಾ ಅನ್ನೋದನ್ನ ಲೆಕ್ಕ ಹಾಕಿಯೇ ನೋಡೋಣ.

ಮೊದಲು ದಾರಿ ಅಳೆಯಿರಿ

ಗಾಡಿ ನೋಡೋಕೆ ಹೋಗೋ ಮುಂಚೆ ಫೋನ್ ತಗೊಂಡು ತೋಟಕ್ಕೆ ಇಳೀರಿ. ಮಟ್ಟ ನೋಡೋ ಆ್ಯಪ್ ಉಚಿತವಾಗಿ ಸಿಗುತ್ತೆ. ದಾರಿಯ ಅತಿ ಕಡಿದಾದ ಜಾಗದಲ್ಲಿ ಒಂದು ಉದ್ದ ಹಲಗೆ ಇಟ್ಟು, ಅದರ ಮೇಲೆ ಫೋನ್ ಇಟ್ಟು, ಎಷ್ಟು ಡಿಗ್ರಿ ಅಂತ ಬರ್ಕೊಳ್ಳಿ. ಏರು ಎಷ್ಟು ಮೀಟರ್ ಉದ್ದ ಇದೆ, ದಾರಿಯ ಅತಿ ಕಿರಿದಾದ ಜಾಗ ಎಷ್ಟು ಅಡಿ, ಕಾಲುಸಂಕ ಎಷ್ಟು ಅಗಲ ಅನ್ನೋದನ್ನೂ ಬರೀರಿ. ಮರದಿಂದ ಮರಕ್ಕೆ 9 ಅಡಿ ಇದ್ರೂ ಮಧ್ಯೆ ಬಸಿಗಾಲುವೆ, ಬಾಳೆ ಎಲ್ಲ ಬಂದಿರುತ್ತೆ. ಗಾಡಿಗೆ ನಿಜವಾಗಿ ಸಿಗೋ ಅಗಲ ಮೂರೋ ನಾಲ್ಕೋ ಅಡಿ ಅಷ್ಟೇ.

ಈಗ ಲೆಕ್ಕ. ಗಾಡಿ 240 ಕೆಜಿ, ಹಸಿ ಅಡಿಕೆ 300 ಕೆಜಿ, ಓಡಿಸೋನು 60 ಕೆಜಿ, ಒಟ್ಟು 600 ಕೆಜಿ ಅಂತ ಇಟ್ಕೊಳ್ಳಿ. 10 ಡಿಗ್ರಿ ಏರಿನಲ್ಲಿ ಒಟ್ಟು ತೂಕದ ಸುಮಾರು ಆರರಲ್ಲೊಂದು ಪಾಲು, ಅಂದ್ರೆ 100 ಕೆಜಿಯಷ್ಟು ಗಾಡಿಯನ್ನ ಹಿಂದಕ್ಕೆ ಜಗ್ಗುತ್ತೆ. ಒದ್ದೆ ಮಣ್ಣು ಚಕ್ರ ಹಿಡಿಯೋದಕ್ಕೆ ಇನ್ನೊಂದು 50 ಕೆಜಿ ಸೇರಿಸಿ. 150 ಕೆಜಿ ಜಗ್ಗಾಟವನ್ನ ಗಂಟೆಗೆ 5 ಕಿ.ಮೀ. ವೇಗದಲ್ಲಿ, ಅಂದ್ರೆ ನಡೆಯೋ ವೇಗದಲ್ಲಿ ಎಳೀಬೇಕು ಅಂದ್ರೆ ಚಕ್ರಕ್ಕೆ ಸುಮಾರು 2,000 ವ್ಯಾಟ್ ಬೇಕು. ಮೋಟರ್, ಗೇರ್, ವೈರ್‌ನಲ್ಲಿ ಕಾಲು ಭಾಗ ನಷ್ಟ ಹಿಡಿದ್ರೆ ಬ್ಯಾಟರಿಯಿಂದ 2,700 ವ್ಯಾಟ್ ಹೊರಡಬೇಕು. 48 ವೋಲ್ಟ್‌ಗೆ ಅದು 56 ಆಂಪಿಯರ್ ದಾಟುತ್ತೆ.

ಇನ್ನು ಅಂಗಡಿಯವರು "ಸಾರ್, 1,000 ವ್ಯಾಟ್ ಮೋಟರ್, ಗುಡ್ಡ ಹತ್ತುತ್ತೆ" ಅಂದ್ರೆ ನಿಮಗೇ ಗೊತ್ತಾಗುತ್ತೆ. ಹತ್ತಬಹುದು, ಒಂದೆರಡು ಸಲ. ದಿನಕ್ಕೆ 15 ಸಲ ಹತ್ತಿಸಿದ್ರೆ ಮೋಟರ್ ಕಾಯ್ದು ಸುಡುತ್ತೆ. "ಪೀಕ್ ಎಷ್ಟು ಅಂತ ಬೇಡ ಅಣ್ಣ, ಗಂಟೆಗಟ್ಟಲೆ ಎಷ್ಟು ವ್ಯಾಟ್ ತಡೆಯುತ್ತೆ ಹೇಳಿ. ಕಂಟ್ರೋಲರ್ ಎಷ್ಟು ಆಂಪಿಯರ್?" ಅಂತ ಕೇಳಿ. ಚಕ್ರದ ಒಳಗೇ ಕೂರೋ ಹಬ್ ಮೋಟರ್ ಸಮತಟ್ಟು ದಾರಿಗೆ ಚೆನ್ನ. ನಿಧಾನವಾಗಿ ಭಾರ ಎಳೆಯೋ ಏರಿಗೆ ಗೇರ್ ಮತ್ತು ಡಿಫರೆನ್ಶಿಯಲ್ ಇರೋ ಮೋಟರ್ ಕಮ್ಮಿ ಬಿಸಿಯಾಗುತ್ತೆ.

ಬ್ಯಾಟರಿ: ಎಷ್ಟು ಕಿ.ಮೀ. ಅನ್ಬೇಡಿ, ಎಷ್ಟು ಸಲ ಅನ್ನಿ

"ಒಂದು ಚಾರ್ಜ್‌ಗೆ 60 ಕಿ.ಮೀ." ಅನ್ನೋದು ಸಮತಟ್ಟು ರಸ್ತೆಯ ಮಾತು. ನಿಮ್ಮ ಲೆಕ್ಕ ಬೇರೆ. ಮೇಲಿನ ಗಾಡಿ 300 ಮೀಟರ್ ಏರು ಹತ್ತೋಕೆ ಮೂರೂವರೆ ನಿಮಿಷ ಚಿಲ್ಲರೆ ತಗೊಳ್ಳುತ್ತೆ, ಸುಮಾರು 0.16 ಯೂನಿಟ್ ಖರ್ಚು. 15 ಸಲಕ್ಕೆ 2.4 ಯೂನಿಟ್. ಖಾಲಿ ಇಳಿಯೋದಕ್ಕೆ ಖರ್ಚು ತೀರಾ ಕಮ್ಮಿ.

4.8 ಯೂನಿಟ್‌ನ ಹಳೇ ನಮೂನೆಯ ಲೆಡ್ ಆಸಿಡ್ ಬ್ಯಾಟರಿಯಲ್ಲಿ, ಅದು ಬಾಳಬೇಕು ಅಂದ್ರೆ, ಅರ್ಧ ಮಾತ್ರ ಬಳಸಬೇಕು. ಅಂದ್ರೆ 2.4 ಯೂನಿಟ್. ಲೆಕ್ಕ ಅಂಚಿಗೆ ಬಂತು, ಎರಡನೇ ವರ್ಷಕ್ಕೆ ಸಾಕಾಗಲ್ಲ. ತೂಕವೂ ನಾಲ್ಕು ಬ್ಯಾಟರಿ ಸೇರಿ 100 ಕೆಜಿ ದಾಟುತ್ತೆ. ಡಿಸ್ಟಿಲ್ಡ್ ನೀರು ನೋಡ್ತಾ ಇರಬೇಕು, ಮಳೆಗಾಲದಲ್ಲಿ ಚಾರ್ಜ್ ಇಲ್ಲದೆ ನಿಲ್ಲಿಸಿದ್ರೆ ಹಾಳಾಗುತ್ತೆ.

ಲಿಥಿಯಂನಲ್ಲಿ ಎರಡು ಜಾತಿ ಹೆಚ್ಚು ಸಿಗುತ್ತೆ. ತೋಟಕ್ಕೆ ಲಿಥಿಯಂ ಐರನ್ ಫಾಸ್ಫೇಟ್, ಅಂದ್ರೆ ಎಲ್‌ಎಫ್‌ಪಿ ಒಳ್ಳೇದು. ಇನ್ನೊಂದು ಜಾತಿ ಎನ್‌ಎಂಸಿಗಿಂತ ಇದು ಬಿಸಿ ತಡೆಯುತ್ತೆ, ಹೆಚ್ಚು ಸಲ ಚಾರ್ಜ್ ಆಗುತ್ತೆ. ತೂಕ ಲೆಡ್ ಆಸಿಡ್‌ನ ಅರ್ಧಕ್ಕಿಂತ ಕಮ್ಮಿ. 80 ಭಾಗ ಬಳಸಿದ್ರೂ 3.8 ಯೂನಿಟ್ ಕೈಗೆ ಸಿಗುತ್ತೆ, 15 ಸಲ ಹತ್ತಿಸಿ ಇನ್ನೂ ಉಳಿಯುತ್ತೆ. ಶುರುವಿನ ಬೆಲೆ ಜಾಸ್ತಿ. ಆದ್ರೆ ಲೆಡ್ ಆಸಿಡ್ ಎಷ್ಟು ಸಲ ಬದಲಾಯಿಸಬೇಕಾಗುತ್ತೆ ಅನ್ನೋದನ್ನೂ ಸೇರಿಸಿ ಕೂಡಿಸಿ ನೋಡಿ.

ಚಾರ್ಜ್ ಖರ್ಚು ಹೆದರೋ ಅಂಥದ್ದಲ್ಲ. ಖಾಲಿಯಿಂದ ಪೂರ್ತಿ ತುಂಬೋಕೆ ಐದೂವರೆ ಯೂನಿಟ್, ಯೂನಿಟ್‌ಗೆ 8 ರೂಪಾಯಿ ಹಿಡಿದ್ರೂ 45 ರೂಪಾಯಿ ಒಳಗೆ. ಮನೆಯ ಮೀಟರ್‌ನಿಂದಲೇ ಹಾಕಿ, ಪಂಪ್‌ಸೆಟ್ ಲೈನ್ ಇರೋದು ನೀರಾವರಿಗೆ. ಹಳ್ಳಿಯಲ್ಲಿ ಸಂಜೆ ವೋಲ್ಟೇಜ್ ಇಳಿಯುತ್ತೆ. ಚಾರ್ಜರ್ ಎಷ್ಟು ವೋಲ್ಟ್‌ನಿಂದ ಎಷ್ಟರವರೆಗೆ ಕೆಲಸ ಮಾಡುತ್ತೆ ಅಂತ ಅದರ ಚೀಟಿಯಲ್ಲೇ ಬರೆದಿರುತ್ತೆ, ಓದಿ. ದರಕು, ಹುಲ್ಲು ಪೇರಿಸಿದ ಕೊಟ್ಟಿಗೆಯಲ್ಲಿ ಮಾತ್ರ ಚಾರ್ಜ್‌ಗೆ ಹಾಕ್ಬೇಡಿ.

ನಿಜವಾದ ಪರೀಕ್ಷೆ ಇಳಿಜಾರು

ಗಾಡಿ ನೋಡೋಕೆ ಹೋದವರೆಲ್ಲ ಹತ್ತಿಸಿ ನೋಡ್ತಾರೆ. ಹತ್ತದೇ ಹೋದ್ರೆ ಗಾಡಿ ನಿಲ್ಲುತ್ತೆ, ಅಷ್ಟೇ. ಇಳಿಯುವಾಗ ನಿಲ್ಲದೇ ಹೋದ್ರೆ ಜೀವಕ್ಕೇ ಸಂಚಕಾರ.

ಹೋದ ವರ್ಷ ಮೇ ತಿಂಗಳಲ್ಲಿ ನಮ್ಮ ಚಿಕ್ಕಪ್ಪ ಟ್ರಯಲ್‌ಗೆ ಬಂದ ಒಂದು ಗಾಡಿಗೆ ಗೊಬ್ಬರ ತುಂಬಿ ಬೆಳಿಗ್ಗೆ ತೋಟಕ್ಕೆ ಇಳಿಸಿದ್ರು. ಹಿಂದಿನ ದಿನ ಸಂಜೆ ಅದೇ ದಾರಿಯಲ್ಲಿ ಅದೇ ಭಾರಕ್ಕೆ ಗಾಡಿ ಚೆನ್ನಾಗಿ ಹಿಡಿತದಲ್ಲಿ ಇಳಿದಿತ್ತು. ಬೆಳಿಗ್ಗೆ ಮಾತ್ರ ಬಿಟ್ಟ ಬಾಣದ ಹಾಗೆ ಹೋಯ್ತು. ಹಿಂದಿನ ಎರಡು ಚಕ್ರಕ್ಕೆ ಮಾತ್ರ ಬ್ರೇಕ್, ಅದೂ ರಾತ್ರಿ ಮಳೆಗೆ ಒದ್ದೆ. ಚಿಕ್ಕಪ್ಪ ಧರೆಗೆ ತಿರುಗಿಸಿ ನಿಲ್ಲಿಸಿದ್ರು. ಜೀವ ಉಳೀತು, ಭುಜದ ಮೂಳೆ ಮುರೀತು.

ಕಾರಣ ಸರಳ. ಇಂಥ ಗಾಡಿ ಇಳಿಯುವಾಗ ಮೋಟರೇ ಡೈನಮೋ ತರ ತಿರುಗಿ ಬ್ಯಾಟರಿಗೆ ಕರೆಂಟ್ ವಾಪಸ್ ಕಳಿಸುತ್ತೆ. ಹಾಗೆ ಕಳಿಸುವಾಗ ಗಾಡಿ ನಿಧಾನ ಆಗುತ್ತೆ. ಇದನ್ನ ರೀಜೆನ್ ಬ್ರೇಕ್ ಅಂತಾರೆ. ಸಂಜೆ ಬ್ಯಾಟರಿ ಅರ್ಧ ಖಾಲಿ ಇತ್ತು, ಕರೆಂಟ್ ತಗೊಳ್ತು. ರಾತ್ರಿಯೆಲ್ಲ ಚಾರ್ಜ್ ಆಗಿ ಬೆಳಿಗ್ಗೆ ತುಂಬಿತ್ತು. ತುಂಬಿದ ಕೊಡಕ್ಕೆ ಇನ್ನೂ ನೀರು ಹಿಡಿಯುತ್ತಾ? ಬ್ಯಾಟರಿಯನ್ನ ಕಾಯೋ ಬಿಎಂಎಸ್ ಒಳಗೆ ಬರೋ ಕರೆಂಟ್ ತಡೆಯಿತು, ಮೋಟರ್‌ನ ಹಿಡಿತ ಹೋಯ್ತು. ಮನೆ ಮೇಲೆ, ತೋಟ ಕೆಳಗೆ ಇರೋ ನಮಗೆಲ್ಲ ದಿನದ ಮೊದಲ ಪ್ರಯಾಣವೇ ತುಂಬಿದ ಬ್ಯಾಟರಿಯಲ್ಲಿ ಭಾರ ಹೊತ್ತು ಇಳಿಯೋದು. ಅಪಾಯ ಇರೋದೇ ಅಲ್ಲಿ.

ಆದ್ದರಿಂದ ಈ ನಾಲ್ಕು ವಿಷಯದಲ್ಲಿ ರಾಜಿ ಬೇಡ:

1. ಎಲ್ಲ ಚಕ್ರಕ್ಕೂ ಕಾಲಲ್ಲಿ ಅಥವಾ ಕೈಯಲ್ಲಿ ಹಿಡಿಯೋ ಮಾಮೂಲಿ ಬ್ರೇಕ್ ಇರಬೇಕು. ಮೋಟರ್ ಬ್ರೇಕ್ ಹೆಚ್ಚುವರಿ ಅಷ್ಟೇ.

2. ಪಾರ್ಕಿಂಗ್ ಬ್ರೇಕ್ ಬೇರೆಯೇ ಇರಬೇಕು. ಕೀ ತೆಗೆದು, ತುಂಬಿದ ಗಾಡಿಯನ್ನ ಇಳಿಜಾರಲ್ಲಿ ಅದೊಂದರಲ್ಲೇ ಹತ್ತು ನಿಮಿಷ ನಿಲ್ಲಿಸಿ ನೋಡಿ. ಚಕ್ರಕ್ಕೆ ಅಡ್ಡ ಇಡೋಕೆ ಕಲ್ಲು ಹಿಡಿದು ಒಬ್ಬರು ಪಕ್ಕದಲ್ಲಿರಲಿ, ಕೆಳಗಡೆ ಯಾರೂ ಬೇಡ.

3. ಬ್ಯಾಟರಿ ಪೂರ್ತಿ ತುಂಬಿದಾಗ ಮೋಟರ್ ಬ್ರೇಕ್ ಕೆಲಸ ಮಾಡುತ್ತಾ ಅಂತ ಕೇಳಿ. ಉತ್ತರ ಏನೇ ಬರಲಿ, ಮೊದಲ ಸಲ ಖಾಲಿ ಗಾಡಿಯಲ್ಲೇ ಇಳೀರಿ. ಚಾರ್ಜರ್‌ನಲ್ಲಿ 90 ಭಾಗಕ್ಕೆ ನಿಲ್ಲಿಸೋ ಅನುಕೂಲ ಇದ್ರೆ ಇನ್ನೂ ಒಳ್ಳೇದು.

4. ಕಿರಿದಾದ ದಾರಿಗೆ ಮೂರು ಚಕ್ರ ಅನುಕೂಲ, ಆದ್ರೆ ಅಡ್ಡ ಇಳುಕಲಿನಲ್ಲಿ ತಿರುಗಿಸುವಾಗ ಬೇಗ ಮಗುಚುತ್ತೆ. ದಾರಿ ಬಿಟ್ಟುಕೊಡೋ ಹಾಗಿದ್ರೆ ನಾಲ್ಕು ಚಕ್ರ ನೋಡಿ. ತೊಟ್ಟಿ ನೆಲಕ್ಕೆ ಹತ್ತಿರ ಇದ್ದಷ್ಟೂ ಕ್ಷೇಮ.

ಕೊಳೆ ಔಷಧಿ ಡ್ರಮ್ ಸಾಗಿಸೋರು ಇನ್ನೊಂದು ಗಮನಿಸಿ. 200 ಲೀಟರ್ ಡ್ರಮ್ ಅರ್ಧ ತುಂಬಿದ್ರೆ ನೀರು ತುಳುಕಿ ತಿರುವಿನಲ್ಲಿ ಗಾಡಿಯನ್ನೇ ಎಳೀತದೆ. ಒಂದು ದೊಡ್ಡ ಡ್ರಮ್ ಬದಲು ಮುಚ್ಚಳ ಇರೋ ಸಣ್ಣ ಕ್ಯಾನ್‌ಗಳನ್ನ ಪೂರ್ತಿ ತುಂಬಿ ಕಟ್ಟಿ.

ಮಳೆ, ಮೈಲುತುತ್ತು, ಕಾಡುಕೋಣ

"ವಾಟರ್‌ಪ್ರೂಫ್" ಅನ್ನೋ ಮಾತಿಗೆ ಬೆಲೆ ಇಲ್ಲ, ಐಪಿ ನಂಬರ್ ಕೇಳಿ. ಐಪಿ65 ಅಂದ್ರೆ ಧೂಳು ನುಗ್ಗಲ್ಲ, ಪೈಪಿನ ನೀರು ಚಿಮ್ಮಿದ್ರೂ ತಡೆಯುತ್ತೆ. ಐಪಿ67 ಅಂದ್ರೆ ಒಂದು ಮೀಟರ್ ನೀರಲ್ಲಿ ಅರ್ಧ ಗಂಟೆ ಮುಳುಗಿದ್ರೂ ತಡೆಯುತ್ತೆ. ಮೋಟರ್, ಬ್ಯಾಟರಿ ಪೆಟ್ಟಿಗೆ, ಕಂಟ್ರೋಲರ್ ಮೂರಕ್ಕೂ ಬೇರೆ ಬೇರೆ ಕೇಳಿ. ಸಾಮಾನ್ಯವಾಗಿ ಮೋಟರ್‌ದು ಮಾತ್ರ ಹೇಳಿ ಸುಮ್ಮನಾಗ್ತಾರೆ. ಹಳ್ಳ ದಾಟೋ ದಾರಿ ಇದ್ರೆ ಮೋಟರ್ ನೆಲದಿಂದ ಎಷ್ಟು ಎತ್ತರ ಅಂತ ಟೇಪ್ ಹಿಡಿದು ಅಳೆಯಿರಿ.

ಬೋರ್ಡೋದಲ್ಲಿರೋ ಮೈಲುತುತ್ತು ಕಬ್ಬಿಣ ತಿನ್ನುತ್ತೆ. ತೊಟ್ಟಿಯಿಂದ ಸೋರಿದ್ದು ನೇರ ಕಂಟ್ರೋಲರ್ ಮೇಲೆ, ವೈರ್ ಜೋಡಣೆ ಮೇಲೆ ಬೀಳೋ ವಿನ್ಯಾಸದ ಗಾಡಿಗಳನ್ನ ನಾನೇ ನೋಡಿದೀನಿ. ಬಗ್ಗಿ ತೊಟ್ಟಿಯ ಅಡಿ ನೋಡಿ. ಔಷಧಿ ಹೊಡೆದ ದಿನ ಸಂಜೆ ಗಾಡಿಯನ್ನ ಒಳ್ಳೆ ನೀರಲ್ಲಿ ತೊಳೀರಿ, ಪ್ರೆಷರ್ ಪೈಪ್ ಮಾತ್ರ ಬ್ಯಾಟರಿ ಕಡೆ ಹಿಡೀಬೇಡಿ.

ಬೇಟೆಗಾರನಿಗೆ ವರ ಆದ ಮೌನ ನಮಗೆ ಅಪಾಯ. ಕಾಡಂಚಿನ ತೋಟದಲ್ಲಿ ಮುಂಜಾನೆ ಕಾಡುಕೋಣ ಇದ್ದೇ ಇರುತ್ತೆ. ಪೆಟ್ರೋಲ್ ಗಾಡಿ ಸದ್ದು ಕೇಳಿ ಅದು ಮೊದಲೇ ಸರಿದು ಹೋಗ್ತಿತ್ತು. ಬ್ಯಾಟರಿ ಗಾಡಿ ತಿರುವಿನಲ್ಲಿ ಥಟ್ಟನೆ ಎದುರಾದ್ರೆ ಬೆದರಿದ ಪ್ರಾಣಿ ಮೈಮೇಲೆ ಬರಬಹುದು. ಗಾಡಿಗೆ ಒಂದು ಗಂಟೆ ಕಟ್ಟಿ, ತಿರುವಿಗೆ ಮುಂಚೆ ಹಾರ್ನ್ ಹೊಡೀರಿ. ಬಗ್ಗಿ ಅಡಿಕೆ ಹೆಕ್ಕೋರಿಗೂ ಗಾಡಿ ಬಂದಿದ್ದು ಗೊತ್ತಾಗುತ್ತೆ.

ಕಾಗದ ಮತ್ತು ರಿಪೇರಿ

1988ರ ಮೋಟಾರು ವಾಹನ ಕಾಯ್ದೆ ಕಾರ್ಖಾನೆ ಅಥವಾ ಬೇರೆ ಆವರಣದ ಒಳಗೆ ಮಾತ್ರ ಬಳಸೋ ವಿಶೇಷ ವಾಹನವನ್ನ ಮೋಟಾರು ವಾಹನದ ಲೆಕ್ಕದಿಂದ ಹೊರಗಿಟ್ಟಿದೆ. ಆದ್ರೆ ಮನೆಗೂ ತೋಟಕ್ಕೂ ಮಧ್ಯೆ ಊರ ರಸ್ತೆ ಇದ್ರೆ ಮಾತು ಬೇರೆ. ನೋಂದಣಿ, ವಿಮೆಯ ಪ್ರಶ್ನೆ ಬರುತ್ತೆ. ನಿಮ್ಮ ದಾರಿ ರಸ್ತೆ ಮುಟ್ಟುತ್ತೆ ಅಂದ್ರೆ ನೋಂದಣಿ ಆಗೋ ಮಾಡೆಲ್ ಅನ್ನೇ ನೋಡಿ. ಸಹಾಯಧನದ ಆಸೆ ತೋರಿಸಿದ್ರೆ, ಆ ಮಾಡೆಲ್ ಈ ವರ್ಷದ ಪಟ್ಟಿಯಲ್ಲಿ ಇದ್ಯಾ ಅಂತ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ ಆಮೇಲೆ ಮುಂಗಡ ಕೊಡಿ.

ರಿಪೇರಿ ವಿಷಯಕ್ಕೆ ಒಂದೇ ಪ್ರಶ್ನೆ: ಕೊಯ್ಲಿನ ಮಧ್ಯೆ ಕಂಟ್ರೋಲರ್ ಸುಟ್ಟರೆ ಎಷ್ಟು ದಿನದಲ್ಲಿ ಬರುತ್ತೆ? ಉತ್ತರವನ್ನ ಬಿಲ್ ಮೇಲೆ ಬರೆಸಿ. ಕಂಟ್ರೋಲರ್, ಥ್ರಾಟಲ್, ಚಾರ್ಜರ್ ಬೇರೆ ಅಂಗಡಿಯಲ್ಲೂ ಸಿಗೋ ನಮೂನೆಯದ್ದಾದ್ರೆ ಅರ್ಧ ಚಿಂತೆ ಕಮ್ಮಿ. ಬ್ಯಾಟರಿ ಗ್ಯಾರಂಟಿ ಎಷ್ಟು ವರ್ಷ, ಶಕ್ತಿ ಎಷ್ಟು ಭಾಗಕ್ಕೆ ಇಳಿದ್ರೆ ಬದಲಾಯಿಸಿ ಕೊಡ್ತಾರೆ ಅನ್ನೋದೂ ಕಾಗದದಲ್ಲಿರಲಿ. ಈಗಾಗಲೇ ಅದೇ ಗಾಡಿ ತಗೊಂಡಿರೋ ಮೂವರ ನಂಬರ್ ಕೇಳಿ. ಒಂದು ಮಳೆಗಾಲ ದಾಟಿಸಿದವರ ಮಾತಿಗೆ ಹೆಚ್ಚು ತೂಕ.

ಟ್ರಯಲ್ ದಿನ ಹೀಗೆ ಮಾಡಿ

ಗಾಡಿಯನ್ನ ನಿಮ್ಮ ತೋಟಕ್ಕೇ ತರಿಸಿ. ಬ್ಯಾಟರಿ ಪೂರ್ತಿ ತುಂಬಿರಲಿ. ಮೊದಲು ಖಾಲಿ ಇಳಿಸಿ, ಆಮೇಲೆ 100 ಕೆಜಿ, 200 ಕೆಜಿ, ಕೊನೆಗೆ ಪೂರ್ತಿ ಭಾರ. ಮರಳಿನ ಚೀಲ ಸಾಕು. ಏರಿನ ಮಧ್ಯೆ ನಿಲ್ಲಿಸಿ ಮತ್ತೆ ಹೊರಡಿಸಿ, ಹಿಂದೆ ಜಾರುತ್ತಾ ನೋಡಿ. ಹತ್ತು ಸಲ ಹತ್ತಿಸಿ, ಮೋಟರ್ ಹತ್ತಿರ ಕೈ ತನ್ನಿ. ಮುಟ್ಟೋಕೆ ಆಗದಷ್ಟು ಕಾದಿದ್ರೆ ಆ ಗಾಡಿ ನಿಮ್ಮ ಗುಡ್ಡಕ್ಕಲ್ಲ. ಎಲ್ಲವನ್ನೂ ಫೋನ್‌ನಲ್ಲಿ ವಿಡಿಯೋ ಮಾಡಿ ಇಟ್ಕೊಳ್ಳಿ, ನಾಳೆ ಮಾತು ಬಂದ್ರೆ ಕೆಲಸಕ್ಕೆ ಬರುತ್ತೆ.

ತೋಟಕ್ಕೆ ತಂದು ತೋರಿಸೋಕೆ ಒಪ್ಪದ ಮಾರಾಟಗಾರರಿಗೆ ಕೈ ಮುಗಿದು ವಾಪಸ್ ಬನ್ನಿ. ಈ ವರ್ಷದ ಕೊಯ್ಲನ್ನ ಬಾಡಿಗೆ ಗಾಡಿಯಲ್ಲಿ ಕಳೆದ್ರೂ ನಷ್ಟ ಇಲ್ಲ. ಬ್ರೇಕ್ ನಂಬಿಕೆ ಬಂದ ಗಾಡಿ ಸಿಗೋವರೆಗೂ ಮುಂಗಡ ಕೊಡ್ಬೇಡಿ.