ಬಳ್ಳಾರಿ ಜಾಲಿ ತೆಗೆದು ಅರಾವಳಿಯ ಕಾಡು ಬೆಳೆಸಿದವರು
ಗುರುಗ್ರಾಮದ ಅರಾವಳಿ ಜೀವವೈವಿಧ್ಯ ಉದ್ಯಾನ ಒಂದು ಕಾಲದಲ್ಲಿ ಕಲ್ಲು ಗಣಿಯಾಗಿತ್ತು. ಅಲ್ಲಿ ಹಬ್ಬಿದ್ದು ವಿಲಾಯತಿ ಕೀಕರ್, ಅಂದರೆ ನಮ್ಮ ಬಳ್ಳಾರಿ ಜಾಲಿ. 2010ರಲ್ಲಿ ‘ಐ ಆಮ್ ಗುರ್‌ಗಾಂವ್’ ನಾಗರಿಕ ಬಳಗ ಇಲ್ಲಿ ಸ್ಥಳೀಯ ಕಾಡು ಬೆಳೆಸಲು ಹೊರಟಾಗ ಎದುರಾದ ತೊಡಕು ಸಸಿಗಳದ್ದು. ಧೌ, ಸಲಾಯಿಯಂಥ ಕಾಡುಮರಗಳ ಸಸಿ ಸಾಮಾನ್ಯ ನರ್ಸರಿಗಳಲ್ಲಿ ಸಿಗುವುದಿಲ್ಲ. ಹಾಗಾಗಿ ಬೀಜ ತಂದು ಸ್ವಂತ ನರ್ಸರಿಯಲ್ಲೇ ಬೆಳೆಸಲಾಯಿತು.

ಬೀಜ ಹೆಕ್ಕಲು, ಚೀಲಕ್ಕೆ ಮಣ್ಣು ತುಂಬಲು, ಕಳೆ ಕೀಳಲು ಇಂಥ ನರ್ಸರಿಗೆ ಸ್ವಯಂಸೇವಕರು, ತರಬೇತಿಗೆ ಬರುವ ವಿದ್ಯಾರ್ಥಿಗಳೇ ಆಸರೆ. ತಾಳ್ಮೆಯೂ ಬೇಕು: ದಿಂಡಿಗದ ಸಂಬಂಧಿಯಾದ ಧೌ ಬೀಜಗಳಲ್ಲಿ ಮೊಳೆಯುವುದು ಕೆಲವೇ. ಆದರೆ ಒಮ್ಮೆ ಬೇರೂರಿದರೆ ಈ ಮರಗಳು ಮಳೆನೀರನ್ನೇ ನೆಚ್ಚಿ ಬದುಕುತ್ತವೆ.

2022ರಲ್ಲಿ ಉದ್ಯಾನಕ್ಕೆ ದೇಶದ ಮೊದಲ ‘ಓಇಸಿಎಂ’ ಸಂರಕ್ಷಣಾ ತಾಣವೆಂಬ ಮನ್ನಣೆ ದೊರೆಯಿತು. ಇಂಥ ಪ್ರಯತ್ನಗಳು ಮುಂದುವರಿಯಬೇಕಾದರೆ ಬೀಜ ಕೊಡುವ ಹಳೆಯ ಕಾಡುಗಳೂ ಉಳಿಯಬೇಕು.