ಘಾಟಿ ಹತ್ತುವ ಲಾರಿಗೆ ಯಾವ ಫ್ಯಾನ್?

ಮಂಗಳೂರು ಬಂದರಿನಿಂದ ಬೆಂಗಳೂರಿಗೆ ಹೊರಟ ಲಾರಿಗೆ ಗುಂಡ್ಯ ದಾಟಿದ ಮೇಲೆ ಶಿರಾಡಿ ಘಾಟಿಯ ಏರು ಎದುರಾಗುತ್ತದೆ. ಮೇಲಿನ ಸಕಲೇಶಪುರ ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ. ಲೋಡ್ ಸೇರಿ 40 ಟನ್ ತೂಗುವ ಗಾಡಿಯೊಂದು, ನೂರು ಮೀಟರಿಗೆ ಐದು ಮೀಟರ್ ಏರುವ ರಸ್ತೆಯಲ್ಲಿ ಗಂಟೆಗೆ 20 ಕಿ.ಮೀ. ವೇಗದಲ್ಲಿ ಹತ್ತುತ್ತಿದೆ ಎಂದುಕೊಳ್ಳಿ. ಅಷ್ಟಕ್ಕೇ ಚಕ್ರಗಳಿಗೆ ಸುಮಾರು 125 ಕಿಲೋವ್ಯಾಟ್ ಬೇಕು. ಒಳ್ಳೆಯ ಡೀಸೆಲ್ ಎಂಜಿನ್ನಿನಲ್ಲೂ ಇಂಧನದ ಶಕ್ತಿಯ ಶೇ. 40ರಷ್ಟು ಮಾತ್ರ ಕೆಲಸಕ್ಕೆ ಒದಗುತ್ತದೆ, ಉಳಿದದ್ದೆಲ್ಲ ಶಾಖ. ಅದರಲ್ಲಿ ಹೊಗೆಯ ಜೊತೆ ಹೋಗುವುದನ್ನು ಬಿಟ್ಟರೂ 70–80 ಕಿಲೋವ್ಯಾಟ್ ಕೂಲೆಂಟ್‌ಗೆ ಸೇರುತ್ತದೆ. ಬಚ್ಚಲುಮನೆಯ 35 ಗೀಸರ್‌ಗಳನ್ನು ಒಟ್ಟಿಗೆ ಹಾಕಿದಷ್ಟು ಶಾಖ ಅದು. ರೇಡಿಯೇಟರ್ ಅಷ್ಟನ್ನೂ ಗಾಳಿಗೆ ದಾಟಿಸಬೇಕು.

ಸಮತಟ್ಟಾದ ಹೆದ್ದಾರಿಯಲ್ಲಿ ಎದುರುಗಾಳಿಯೇ ಈ ಕೆಲಸದ ಬಹುಭಾಗ ಮಾಡಿಬಿಡುತ್ತದೆ. ಘಾಟಿಯಲ್ಲಿ ಹಾಗಿಲ್ಲ. ಶಾಖ ಅತಿ ಹೆಚ್ಚಾಗುವ ಹೊತ್ತಿಗೇ ಎದುರುಗಾಳಿ ಅತಿ ಕಡಿಮೆ. ಲಾರಿಗೆ ಯಾವ ಫ್ಯಾನ್ ಎಂಬ ಪ್ರಶ್ನೆಯನ್ನು ಈ ಏರಿನಲ್ಲಿ ನಿಂತೇ ಕೇಳಬೇಕು.

ಎಂಜಿನ್ನೇ ತಿರುಗಿಸುವ ಫ್ಯಾನ್ ತೆಗೆದು ಎಲೆಕ್ಟ್ರಿಕ್ ಫ್ಯಾನ್ ಹಾಕಿಸಿದರೆ ಮೈಲೇಜ್ ಬರುತ್ತದೆ ಎಂಬ ಮಾತಿದೆ. ಅದರ ಹಿಂದೆ ನಿಜವಾದ ಭೌತಶಾಸ್ತ್ರವಿದೆ. ಫ್ಯಾನಿನ ವೇಗ ಎರಡು ಪಟ್ಟಾದರೆ ಗಾಳಿ ಎರಡೇ ಪಟ್ಟಾಗುತ್ತದೆ, ಅದು ನುಂಗುವ ಶಕ್ತಿ ಮಾತ್ರ ಎಂಟು ಪಟ್ಟು. ಭಾರೀ ಲಾರಿಯ ಫ್ಯಾನ್ ಪೂರ್ಣ ವೇಗದಲ್ಲಿ 20–30 ಕಿಲೋವ್ಯಾಟ್ ತಿನ್ನಬಲ್ಲದು. ಬೇಡದಿದ್ದಾಗಲೂ ಅದನ್ನು ತಿರುಗಿಸುತ್ತಿದ್ದರೆ ಡೀಸೆಲ್ ದಂಡ. ಎಂಜಿನ್ನಿಗೆ ನೇರವಾಗಿ ಬಿಗಿದ ಹಳೆಯ ಫ್ಯಾನುಗಳ ಮಟ್ಟಿಗೆ ಈ ದೂರು ಪೂರ್ತಿ ಸರಿ.

ಹಾಗಿದ್ದರೆ ಅದೇ ಗಾಳಿಯನ್ನು ಕರೆಂಟಿನಿಂದ ಪಡೆಯಬಹುದೇ? ಲಾರಿಯ ವಿದ್ಯುತ್ ವ್ಯವಸ್ಥೆ 24 ವೋಲ್ಟಿನದು. 20 ಕಿಲೋವ್ಯಾಟ್ ಬೇಕೆಂದರೆ 800 ಆಂಪಿಯರಿಗೂ ಹೆಚ್ಚು ಕರೆಂಟ್ ಹರಿಯಬೇಕು. 100 ಆಂಪಿಯರಿನ ಆಲ್ಟರ್ನೇಟರ್ ಕೊಡುವುದು ಸುಮಾರು ಎರಡೂವರೆ ಕಿಲೋವ್ಯಾಟ್. ಅದರಲ್ಲೇ ಹೆಡ್‌ಲೈಟ್, ಬ್ಯಾಟರಿ ಚಾರ್ಜಿಂಗ್ ಎಲ್ಲ ನಡೆಯಬೇಕು. ಇದರ ಮೇಲೆ ನಷ್ಟದ ಲೆಕ್ಕ ಬೇರೆ. ಬೆಲ್ಟಿನಿಂದ ಆಲ್ಟರ್ನೇಟರಿಗೆ, ಅಲ್ಲಿಂದ ವೈರಿಗೆ, ವೈರಿನಿಂದ ಮೋಟಾರಿಗೆ ಶಕ್ತಿ ದಾಟುವಷ್ಟರಲ್ಲಿ ಹೆಚ್ಚುಕಡಿಮೆ ಅರ್ಧ ಸೋರಿಹೋಗುತ್ತದೆ. ಈ ಲೆಕ್ಕ ನೋಡಿದ ಮೇಲೆ ತುಂಬಿದ ಭಾರೀ ಲಾರಿಗೆ ಕಾರಿನ ಮಾದರಿಯ ಎಲೆಕ್ಟ್ರಿಕ್ ಫ್ಯಾನ್ ಸಾಕು ಎಂದು ಹೇಳಲು ನನಗೆ ಧೈರ್ಯವಿಲ್ಲ.

ಕಾರುಗಳ ಕಥೆಯೇ ಬೇರೆ. ಮಾರುತಿ 800ರಂತೆ ಎಂಜಿನ್ ಅಡ್ಡಲಾಗಿ ಕೂತ ಕಾರಿನಲ್ಲಿ ಕ್ರ್ಯಾಂಕ್ ಶಾಫ್ಟಿನ ತುದಿ ರೇಡಿಯೇಟರಿಗೆ ಎದುರಾಗುವುದೇ ಇಲ್ಲ; ಎಲೆಕ್ಟ್ರಿಕ್ ಫ್ಯಾನ್ ಅಲ್ಲಿ ಸಹಜ. ಬೇಕಾಗುವುದೂ ಕೆಲವು ನೂರು ವ್ಯಾಟ್ ಮಾತ್ರ. ಸಿಗ್ನಲ್ಲಿನಲ್ಲಿ ಎಂಜಿನ್ ಐಡ್ಲಿಂಗ್‌ನಲ್ಲಿದ್ದರೂ ಅದು ಪೂರ್ಣ ವೇಗದಲ್ಲಿ ತಿರುಗಬಲ್ಲದು. ಊರೊಳಗೆ ಓಡಾಡುವ ಸಣ್ಣ ಗೂಡ್ಸ್ ಗಾಡಿಗೂ ಇದೇ ಒಪ್ಪುತ್ತದೆ. ನೂರಾರು ವೋಲ್ಟಿನ ಬ್ಯಾಟರಿ ಹೊತ್ತ ಎಲೆಕ್ಟ್ರಿಕ್ ಲಾರಿಗಳಲ್ಲಂತೂ ಆಂಪಿಯರಿನ ತಕರಾರೇ ಇಲ್ಲ.

ಡೀಸೆಲ್ ಲಾರಿಯ ದಂಡಕ್ಕೆ ಎಂಜಿನಿಯರುಗಳು ಕಂಡುಕೊಂಡ ಪರಿಹಾರ ವಿಸ್ಕಸ್ ಕ್ಲಚ್. ನನ್ನ ಮಟ್ಟಿಗೆ ಇಡೀ ಬಾನೆಟ್ಟಿನ ಕೆಳಗೆ ಇದಕ್ಕಿಂತ ಜಾಣ ಸಾಮಾನು ಅಪರೂಪ. ಫ್ಯಾನಿಗೂ ಅದನ್ನು ತಿರುಗಿಸುವ ಶಾಫ್ಟಿಗೂ ನಡುವೆ ಗಟ್ಟಿ ಜೋಡಣೆಯಿಲ್ಲ. ಇರುವುದು ದಪ್ಪನೆಯ ಸಿಲಿಕೋನ್ ಎಣ್ಣೆ. ಮುಂಭಾಗದಲ್ಲಿ ಎರಡು ಲೋಹಗಳನ್ನು ಬೆಸೆದ ಸುರುಳಿಯೊಂದಿರುತ್ತದೆ. ರೇಡಿಯೇಟರಿನಿಂದ ಬಿಸಿಗಾಳಿ ತಾಗಿದಾಗ ಅದು ತಿರುಚಿಕೊಂಡು ಒಂದು ಕಿಂಡಿ ತೆರೆಯುತ್ತದೆ. ಎಣ್ಣೆ ಕಿರಿದಾದ ಸಂದುಗಳಿಗೆ ನುಗ್ಗಿ ಫ್ಯಾನನ್ನು ಎಳೆದುಕೊಂಡು ತಿರುಗಿಸುತ್ತದೆ. ತಂಪಾದಾಗ ಕಿಂಡಿ ಮುಚ್ಚಿ, ಎಣ್ಣೆ ಹಿಂದಕ್ಕೆ ಸರಿದು, ಫ್ಯಾನ್ ನಿಧಾನವಾಗುತ್ತದೆ. ಬೆಳಗ್ಗೆ ಸ್ಟಾರ್ಟ್ ಮಾಡಿದ ತುಸು ಹೊತ್ತು ಫ್ಯಾನ್ ಭರ್‍ರೆಂದು ಸದ್ದು ಮಾಡುವುದು ರಾತ್ರಿ ಆ ಸಂದುಗಳಿಗೆ ಇಳಿದ ಎಣ್ಣೆಯಿಂದ. ಹೊಸ ಗಾಡಿಗಳಲ್ಲಿ ಈ ಕಿಂಡಿಯನ್ನು ಎಂಜಿನ್ ಕಂಪ್ಯೂಟರೇ ನಿಯಂತ್ರಿಸುತ್ತದೆ.

ಎಲೆಕ್ಟ್ರಿಕ್ ಫ್ಯಾನಿನಿಂದ ಉಳಿಸಬೇಕೆಂದ ಡೀಸೆಲ್‌ನ ಬಹುಪಾಲನ್ನು ಈ ಕ್ಲಚ್ ಆಗಲೇ ಉಳಿಸಿರುತ್ತದೆ. ಫ್ಯೂಸ್ ಹೋಗುವ, ರಿಲೇ ಸುಡುವ ಭಯವೂ ಕಡಿಮೆ. ಇದರ ಮಿತಿ ಒಂದೇ: ಎಂಜಿನ್ ತಿರುಗಿಸುವ ಶಾಫ್ಟಿನ ವೇಗವನ್ನು ಮೀರಿ ಫ್ಯಾನ್ ತಿರುಗಲಾರದು. ಏರಿನಲ್ಲಿ ದೊಡ್ಡ ಗೇರಿನಲ್ಲೇ ಎಳೆಸುತ್ತಾ ಹೋದರೆ ಎಂಜಿನ್ ನಿಧಾನ, ಫ್ಯಾನೂ ನಿಧಾನ, ವಾಟರ್ ಪಂಪೂ ನಿಧಾನ. ಟೆಂಪರೇಚರ್ ಮುಳ್ಳು ಮಾತ್ರ ಏರುತ್ತದೆ. ಗೇರ್ ಇಳಿಸಿದರೆ ಅದೇ ರಸ್ತೆಯಲ್ಲಿ ಹೆಚ್ಚು ಗಾಳಿ, ಹೆಚ್ಚು ಕೂಲೆಂಟ್ ಸಿಗುತ್ತದೆ.

ಲಾರಿ ಮಾಲೀಕರಲ್ಲಿ ಒಂದು ಕೋರಿಕೆ. ಗಾಡಿ ಹೀಟ್ ಆಗುತ್ತಿದೆಯೆಂದು ಫ್ಯಾನ್ ಬದಲಿಸಲು ಹೊರಡುವ ಮುನ್ನ ಎಂಜಿನ್ ಪೂರ್ತಿ ನಿಲ್ಲಿಸಿ, ಅದು ಬಿಸಿಯಿರುವಾಗಲೇ ಫ್ಯಾನನ್ನು ಕೈಯಿಂದ ತಿರುಗಿಸಿ ನೋಡಿಸಿ. ತಡೆಯೇ ಇಲ್ಲದೆ ಸುತ್ತು ಮೇಲೆ ಸುತ್ತು ತಿರುಗಿದರೆ ಕ್ಲಚ್ಚಿನ ಎಣ್ಣೆ ಸೋರಿಹೋಗಿದೆ ಎಂದೇ ತಿಳಿಯಿರಿ. ರೇಡಿಯೇಟರಿನ ಸಂದುಗಳಲ್ಲಿ ಧೂಳು ಕಟ್ಟಿದ್ದರೆ ತೊಳೆಸಿ. ಫ್ಯಾನಿನ ಸುತ್ತಲಿನ ಕವಚ ಒಡೆದಿದ್ದರೆ ಹೊಸದು ಹಾಕಿಸಿ, ಅದಿಲ್ಲದೆ ಗಾಳಿ ರೇಡಿಯೇಟರಿನ ಮೂಲಕ ಹಾಯದೆ ಪಕ್ಕದಿಂದ ನುಸುಳುತ್ತದೆ. ಇಷ್ಟೂ ಸರಿಯಿದ್ದರೆ, ಘಾಟಿಯಲ್ಲಿ ಲೋಡ್ ಎಳೆಯುವ ಡೀಸೆಲ್ ಲಾರಿಗೆ ಕಂಪನಿ ಕೊಟ್ಟ ಕ್ಲಚ್ ಫ್ಯಾನೇ ಸರಿಯಾದ ಆಯ್ಕೆ.